ಗಾಜಿನ ಮೇಲಿನ ನೀರು ಯಾರದು?

ಹೊಸಕೋಟೆಯ ಬಿರಿಯಾನಿಗೆ ಹೊರಟವರಿಗೆ ಭಾನುವಾರ ಬೆಳಗಾಗುವುದು ನಡುರಾತ್ರಿ ಕಳೆದು ಮೂರು ಗಂಟೆಗೆ. ನಾಲ್ಕಕ್ಕೆಲ್ಲ ದಮ್ ಬಿಚ್ಚುವ ಹಂಡೆಗಳ ಮುಂದೆ ಮಾಗಿಯ ಚಳಿಯಲ್ಲೂ ಸಾಲು ನಿಂತಿರುತ್ತದೆ: ಸ್ವೆಟರು, ಜರ್ಕಿನ್ನು, ಮಂಕಿ ಕ್ಯಾಪುಗಳ ಸಾಲು. ಬೆಂಗಳೂರಿನಿಂದ ಹಳೆ ಮದ್ರಾಸು ರಸ್ತೆ ಹಿಡಿದು ಬಂದ ಐವರು ಗೆಳೆಯರು ಹೊಟ್ಟೆ ತುಂಬ ತಿಂದು, ಮನೆಯವರಿಗೆಂದು ಎರಡು ಬಿಸಿ ಪಾರ್ಸೆಲ್ಲು ಕಟ್ಟಿಸಿಕೊಂಡು, ಕಾರು ಹತ್ತಿ, ನಾಲ್ಕೂ ಕಿಟಕಿ ಏರಿಸಿಕೊಂಡು ಹೊರಡುತ್ತಾರೆ. ಟೋಲ್ ಸಿಗುವ ಮೊದಲೇ ಮುಂದಿನ ಗಾಜು ಬೆಳ್ಳಗಾಗಿರುತ್ತದೆ. ಎದುರಿನ ಲಾರಿಯ ಎರಡು ದೀಪ ಸೇರಿ ಒಂದೇ ಬೆಳಕಿನ ಮುದ್ದೆಯಾಗುತ್ತದೆ. ಸ್ಟೀರಿಂಗ್ ಹಿಡಿದವನು ಅಂಗೈಯಿಂದ ಉಜ್ಜಿ ಒಂದು ಕಿಂಡಿ ಮಾಡಿಕೊಳ್ಳುತ್ತಾನೆ. ಕಿಂಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಂದಿನ ಸೀಟಿನಿಂದ ಒಬ್ಬ, "ಹೊರಗೆ ಸಖತ್ ಮಂಜು ಕಣೋ" ಎನ್ನುತ್ತಾನೆ.

ಹೊರಗೆ ಮಂಜಿರಬಹುದು. ಆದರೆ ಗಾಜಿಗೆ ಮೆತ್ತಿರುವ ನೀರು ಅವನದೇ, ಅವನ ಗೆಳೆಯರದೇ, ಸ್ವಲ್ಪ ಬಿರಿಯಾನಿಯದು.

ಲೆಕ್ಕ ಹಾಕಿದರೆ ಇದು ಬೇಗ ಗೊತ್ತಾಗುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತದೆ. ಹೆಚ್ಚುಕಡಿಮೆ ಅರ್ಧ ಉಸಿರಿನ ಮೂಲಕ, ಉಳಿದದ್ದು ಬೆವರೆಂದು ಕಾಣಿಸಿಕೊಳ್ಳದೆಯೇ ಚರ್ಮದ ಮೂಲಕ. ತಲೆಗೆ ಗಂಟೆಗೆ 30 ಗ್ರಾಂಗೆ ಕಡಿಮೆಯಿಲ್ಲ. ಐವರಿದ್ದರೆ ನಿಮಿಷಕ್ಕೆ ಎರಡೂವರೆ ಗ್ರಾಂ. ಸಣ್ಣ ಕಾರಿನೊಳಗಿನ ಜಾಗ ಸುಮಾರು ಮೂರು ಘನ ಮೀಟರ್. 15 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ 13 ಗ್ರಾಂ ಕೂಡ ಇಲ್ಲ. ಅಂದರೆ ಇಡೀ ಕಾರಿಗೆ 38 ಗ್ರಾಂ. ಡಿಸೆಂಬರಿನ ಬೆಳಗಿನ ಜಾವದ ಗಾಳಿ ಮೊದಲೇ ನೂರಕ್ಕೆ ತೊಂಬತ್ತು ಪಾಲು ತುಂಬಿಕೊಂಡು ಬಂದಿರುತ್ತದೆ. ಬಾಕಿ ಉಳಿದ ಜಾಗ ನಾಲ್ಕು ಗ್ರಾಮಿನದು. ಗೆಳೆಯರು ಅದನ್ನು ಎರಡು ನಿಮಿಷದಲ್ಲಿ ತುಂಬಿಸುತ್ತಾರೆ. ಜೋರಾಗಿ ಮಾತಾಡುತ್ತಾ, ನಗುತ್ತಾ ಇದ್ದರೆ ಇನ್ನೂ ಬೇಗ.

ಉಸಿರಿನ ಬಿಸಿಗೆ ಒಳಗಿನ ಗಾಳಿ ಬೆಚ್ಚಗಾಗುತ್ತದೆ, ಬೆಚ್ಚಗಾದ ಗಾಳಿ ಹೆಚ್ಚು ಆವಿಯನ್ನು ತಾಳಿಕೊಳ್ಳುತ್ತದೆ, ನಿಜ. 25 ಡಿಗ್ರಿಯಲ್ಲಿ ಘನ ಮೀಟರಿಗೆ 23 ಗ್ರಾಂ ತಾಳೀತು. ಆದರೆ ಗಾಜು ಬೆಚ್ಚಗಾಗಿಲ್ಲವಲ್ಲ! ಅದರ ಆಚೆ ಬದಿಗೆ 80 ಕಿಲೋಮೀಟರ್ ವೇಗದಲ್ಲಿ ತಣ್ಣನೆ ಗಾಳಿ ಹೊಡೆಯುತ್ತಿರುತ್ತದೆ. ಗಾಜಿಗೆ ತಗಲುವ ತೆಳು ಗಾಳಿಪದರ ಮತ್ತೆ 15 ಡಿಗ್ರಿಗೆ ಇಳಿದು, ತನ್ನಲ್ಲಿ ಹಿಡಿಸದಷ್ಟು ಆವಿಯನ್ನು ಅಲ್ಲೇ ನೀರಾಗಿ ಬಿಟ್ಟುಬಿಡುತ್ತದೆ. ಗಾಳಿ ಹೀಗೆ ನೀರು ಬಿಡಲು ಶುರುಮಾಡುವ ಉಷ್ಣಾಂಶವೇ ಇಬ್ಬನಿ ಬಿಂದು. ಗಾಜು ಅದಕ್ಕಿಂತ ತಣ್ಣಗಿದ್ದರೆ ಮಂಜು ಹಿಡಿಯುತ್ತದೆ, ಬೆಚ್ಚಗಿದ್ದರೆ ಹಿಡಿಯುವುದಿಲ್ಲ. ಈ ವಿಷಯದಲ್ಲಿ ಇರುವ ಭೌತಶಾಸ್ತ್ರ ಇಷ್ಟೇ, ಪರಿಹಾರಗಳೂ ಎರಡೇ. ಒಳಗಿನ ಗಾಳಿಯನ್ನು ಒಣಗಿಸಬೇಕು, ಇಲ್ಲವೇ ಗಾಜನ್ನು ಬೆಚ್ಚಗೆ ಮಾಡಬೇಕು. ಚಳಿಗೆ ಹೆದರಿ ಜನ ಮಾಡುವುದು ಇವೆರಡನ್ನೂ ಅಲ್ಲ: ಕಿಟಕಿ ಮುಚ್ಚುತ್ತಾರೆ, ಎಸಿ ಆರಿಸುತ್ತಾರೆ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿಟ್ಟಿರುತ್ತಾರೆ.

ಬೆಂಗಳೂರು ನಗರದ ನಡುವಿರುವವರಿಗೆ ಇದು ವರ್ಷದಲ್ಲಿ ನಾಲ್ಕೈದು ದಿನದ ಕಿರಿಕಿರಿ. ಹೆಬ್ಬಾಳ ದಾಟಿದರೆ ಕತೆ ಬೇರೆ. ನಗರದ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಲನ್ನು ಕುಡಿದು ರಾತ್ರಿಯಿಡೀ ಉಗುಳುತ್ತಿರುತ್ತವೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಬಯಲುಗಳಲ್ಲಿ ಅಂಥ ಬಿಸಿಯ ದಾಸ್ತಾನು ಕಡಿಮೆ. ರಾಗಿ ಕೊಯ್ದ ಹೊಲ, ದ್ರಾಕ್ಷಿ ತೋಟ, ಹಿಂಗಾರು ಮಳೆಗೆ ನೆನೆದ ಮಣ್ಣು, ತುಂಬಿದ ಕೆರೆ, ಮೇಲೆ ಮೋಡವಿಲ್ಲದ ಆಕಾಶ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ನೆಲ ಸೂರ್ಯ ಮುಳುಗಿದ್ದೇ ತನ್ನ ಬಿಸಿಯನ್ನು ಆಕಾಶಕ್ಕೆ ಸುರಿಯತೊಡಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಜಾವ 12ರಿಂದ 15 ಡಿಗ್ರಿ ಮಾಮೂಲು. ಅವರೆಕಾಯಿಗೆ ಸೊಗಡು ಬರುವುದೇ ಇಬ್ಬನಿಯಿಂದ ಎಂದು ರೈತರು ಹೇಳುವುದೂ ಇದೇ ಕಾಲವನ್ನು ಕುರಿತು. ಇದೇ ಇಬ್ಬನಿ ಮನೆಯ ಮುಂದೆ ನಿಲ್ಲಿಸಿದ ಕಾರಿನ ಮೇಲೂ ಬೀಳುತ್ತದೆ.

"ಬೀಳುತ್ತದೆ" ಎಂದು ರೂಢಿಯ ಮಾತಿಗೆ ಹೇಳಿದ್ದು. ಇಬ್ಬನಿ ಮೇಲಿನಿಂದ ಬೀಳುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ತೋಟದಲ್ಲಿ ರಾತ್ರಿ ಉಣ್ಣೆಯ ಉಂಡೆಗಳನ್ನಿಟ್ಟು, ಬೆಳಿಗ್ಗೆ ತೂಗಿ ನೋಡುತ್ತಿದ್ದ. ಬಯಲಿನಲ್ಲಿಟ್ಟ ಉಂಡೆ ಹೆಚ್ಚು ನೀರು ಹೀರಿರುತ್ತಿತ್ತು, ಹಲಗೆಯ ಮರೆಯಲ್ಲಿಟ್ಟದ್ದು ಕಡಿಮೆ. ಆಕಾಶಕ್ಕೆ ತೆರೆದುಕೊಂಡ ವಸ್ತು ತನ್ನ ಬಿಸಿಯನ್ನು ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಪಕ್ಕದ ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ ಎಂದು 1814ರ ತನ್ನ ಇಬ್ಬನಿಯ ಪ್ರಬಂಧದಲ್ಲಿ ಆತ ವಿವರಿಸಿದ. ದೊಡ್ಡಬಳ್ಳಾಪುರದ ಯಾವುದೇ ಬಡಾವಣೆಯಲ್ಲಿ ಜನವರಿಯ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ವೆಲ್ಸನ ಪ್ರಯೋಗವನ್ನು ಪುಕ್ಕಟೆಯಾಗಿ ನೋಡಬಹುದು. ಬಯಲಲ್ಲಿ ನಿಂತ ಕಾರಿನ ತಾರಸಿ, ಓರೆಯಾಗಿರುವ ಹಿಂದುಮುಂದಿನ ಗಾಜು ತೊಪ್ಪೆಯಾಗಿರುತ್ತವೆ. ನೆಟ್ಟಗೆ ನಿಂತ ಪಕ್ಕದ ಕಿಟಕಿಗಳು ಅಷ್ಟು ಒದ್ದೆಯಾಗಿರುವುದಿಲ್ಲ. ಹೊಂಗೆಮರದ ಕೆಳಗೆ ನಿಂತ ಕಾರು ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಮರ ಆಕಾಶವನ್ನು ಮರೆ ಮಾಡಿದೆ, ಅಷ್ಟೇ. ಹಕ್ಕಿಗಳ ಹಿಕ್ಕೆಯನ್ನು ಸಹಿಸಿಕೊಳ್ಳುವುದಾದರೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಇಲ್ಲಿಗೆ ಬಂದ ಮೇಲೆ ಎಲ್.ಎ. ರಾಮದಾಸರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಸಿ.ವಿ. ರಾಮನ್ ಬಳಿ ಕೆಲಸ ಕಲಿತು ಪುಣೆಯ ಹವಾಮಾನ ಇಲಾಖೆ ಸೇರಿದ ಅವರು, 1932ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಗಾಳಿಯಾಡದ, ಮೋಡವಿಲ್ಲದ ರಾತ್ರಿಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ನೆಲವಲ್ಲ, ನೆಲದಿಂದ ಒಂದೆರಡು ಗೇಣು ಮೇಲಿರುವ ಗಾಳಿ! ವೆಲ್ಸನಿಂದ ಕಲಿತ ಪಾಠಕ್ಕೆ ಇದು ಒಗ್ಗದ ಮಾತು. ಅಳತೆಯ ತಪ್ಪಿರಬೇಕೆಂದು ದಶಕಗಳ ಕಾಲ ಹಲವರು ಸಂಶಯಪಟ್ಟರು. 1993ರಲ್ಲಿ ಬೆಂಗಳೂರಿನ ಎ.ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಇದಕ್ಕೊಂದು ಸಿದ್ಧಾಂತ ಕಟ್ಟಿಕೊಟ್ಟರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಆರ್. ಶ್ರೀನಿವಾಸ್ ಮತ್ತು ಸಂಗಡಿಗರು, ನೆಲದ ಹತ್ತಿರದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳೂ ಬಿಸಿ ಸೂಸಿ ಆ ಪದರವನ್ನು ತಣ್ಣಗಾಗಿಸುತ್ತವೆ ಎಂದು ಪ್ರಯೋಗಗಳಿಂದ ತೋರಿಸಿದರು. ಈ ಪದರಕ್ಕೆ ಈಗ ರಾಮದಾಸರದೇ ಹೆಸರು.

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಸುತ್ತಿ ಬರುವ 648ನೇ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ನೆಲಕ್ಕೆ ಹತ್ತಿರದ ಗಾಳಿ ಹೀಗೆ ಹೆಚ್ಚು ತಣ್ಣಗಾಗುವುದರಿಂದ, ಬೆಳಗಿನ ಐದರ ಹೊತ್ತಿಗೆ ಆ ದಾರಿಯ ತಗ್ಗುಗಳಲ್ಲಿ ಮಂಜು ಎಷ್ಟೋ ಸಲ ಮೊಣಕಾಲೆತ್ತರ, ಸೊಂಟದೆತ್ತರಕ್ಕೆ ಹಾಸಿಕೊಂಡಿರುತ್ತದೆ. ಎತ್ತರದ ಕ್ಯಾಬಿನ್ನಿನಲ್ಲಿ ಕೂತ ಲಾರಿ ಚಾಲಕ ಅದರ ಮೇಲಿಂದ ನೋಡಬಲ್ಲ. ತಗ್ಗು ಸೀಟಿನ ಕಾರಿನವನು ಅದರೊಳಗೇ ಇರುತ್ತಾನೆ. ಅದರ ಮೇಲೆ ಗಾಜಿನ ಒಳಬದಿಯೂ ಬೆಳ್ಳಗಾದರೆ ಅವನಿಗೆ ಎರಡೆರಡು ಮಂಜು.

ವಿಮಾನಗಳಿಗೂ ಇದೇ ಪಾಡು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದಾಗಿನಿಂದ ಚಳಿಗಾಲದ ಬೆಳಗಿನ ವಿಮಾನ ತಡವಾಗುವುದು ಪತ್ರಿಕೆಗಳಿಗೆ ವರ್ಷವರ್ಷದ ಸುದ್ದಿ. ಮಂಜನ್ನು ಅರಿಯಲು ನಿಲ್ದಾಣದವರು ಜಕ್ಕೂರಿನ ಅದೇ ಸಂಶೋಧನಾ ಕೇಂದ್ರದ ಜೊತೆ ಕೈಜೋಡಿಸಿದರು. ದಕ್ಷಿಣದ ರನ್‌ವೇಗೆ ಕ್ಯಾಟ್ 3-ಬಿ ವ್ಯವಸ್ಥೆ ಬಂದ ಮೇಲೆ 50 ಮೀಟರ್ ಮಾತ್ರ ಕಣ್ಣಿಗೆ ಕಂಡರೂ ವಿಮಾನ ಇಳಿಯಬಹುದು. ಮೊದಲು 550 ಮೀಟರ್ ಕಾಣಬೇಕಿತ್ತು. ಅದೇ ವಿಮಾನ ಹಿಡಿಯಲು ಹೊರಟ ಟ್ಯಾಕ್ಸಿಯ ಚಾಲಕನಿಗೆ ಇಂಥ ಯಾವ ಯಂತ್ರವೂ ಇಲ್ಲ. ಅವನಿಗಿರುವುದು ಡ್ಯಾಶ್‌ಬೋರ್ಡಿನ ಮೂರು ಗುಂಡಿ.

ಆ ಗುಂಡಿಗಳ ಬಗ್ಗೆ ಡ್ರೈವಿಂಗ್ ಸ್ಕೂಲಿನವರು ಸಾಮಾನ್ಯವಾಗಿ ತುಟಿ ಬಿಚ್ಚುವುದಿಲ್ಲ. ಎಂಟು ಹಾಕಿಸುತ್ತಾರೆ, ರಿವರ್ಸ್ ತೆಗೆಸುತ್ತಾರೆ, ಅಲ್ಲಿಗೆ ಮುಗಿಯಿತು. ಕಾರಿನ ಜೊತೆ ಬರುವ ಕೈಪಿಡಿ ಗ್ಲೋವ್ ಬಾಕ್ಸಿನೊಳಗೆ ಪ್ಲಾಸ್ಟಿಕ್ ಕವರಿನಲ್ಲೇ ಮಲಗಿರುತ್ತದೆ. ಹೀಗಾಗಿ ಹತ್ತು ವರ್ಷ ಗಾಡಿ ಓಡಿಸಿದವರಿಗೂ ಕಾರಿನ ಚಿತ್ರದೊಳಗೆ ಸುತ್ತುವ ಬಾಣ ಮತ್ತು ಹೊರಗಿನಿಂದ ಒಳಬರುವ ಬಾಣ ಇವೆರಡರ ವ್ಯತ್ಯಾಸ ಗೊತ್ತಿರುವುದಿಲ್ಲ. ಮೊದಲನೆಯದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಎರಡನೆಯದು ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊಸಕೋಟೆ, ನೆಲಮಂಗಲದ ಕಡೆ ಜನ ಮೊದಲನೆಯದನ್ನು ಕಾಯಂ ಒತ್ತಿಟ್ಟುಕೊಂಡಿರುವುದಕ್ಕೆ ಕಾರಣವೂ ಇದೆ: ಲಾರಿಗಳ ಹೊಗೆ, ಜಲ್ಲಿ ಕ್ರಷರುಗಳ ಧೂಳು. ಹಗಲಿಗೆ ಅದು ಸರಿ. ಚಳಿಗಾಲದ ಬೆಳಗಿನಲ್ಲಿ ಮಾತ್ರ ಅದರಿಂದ ಐವರ ಉಸಿರೂ ಒಳಗೇ ಉಳಿಯುತ್ತದೆ.

"ಹೊರಗಡೆಯೇ ಮಂಜು ಸುರಿಯುತ್ತಿರುವಾಗ ಆ ಗಾಳಿಯನ್ನು ಒಳಗೆ ಬಿಟ್ಟುಕೊಂಡರೆ ಇನ್ನಷ್ಟು ತೇವ ಬರುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ದಟ್ಟ ಮಂಜಿನಲ್ಲೂ 15 ಡಿಗ್ರಿಯ ಗಾಳಿಯಲ್ಲಿರುವ ಆವಿ ಘನ ಮೀಟರಿಗೆ 13 ಗ್ರಾಮಿನೊಳಗೆ. ಅದೇ ಗಾಳಿ ಕಾರಿನೊಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ, 17 ಗ್ರಾಂ ಹಿಡಿಸುವ ಜಾಗದಲ್ಲಿ 13 ಗ್ರಾಂ ಇದ್ದಂತಾಗುತ್ತದೆ. ಅಂದರೆ ಅದರ ತೇವಾಂಶ ಆಗಲೇ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಐವರು ಉಸಿರಾಡಿದ ಗಾಳಿಗೆ ಹೋಲಿಸಿದರೆ ಮಂಜು ಕವಿದ ಹೊರಗಾಳಿಯೇ ಒಣ. ಬೇರೇನೂ ಮಾಡಲು ತೋಚದಿದ್ದಾಗ ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿದರೂ ಗಾಜು ತಿಳಿಯಾಗತೊಡಗುವುದು ಇದರಿಂದಲೇ. ಕಿವಿಗೆ ಚಳಿ ಹೊಡೆಯುತ್ತದೆ, ಅದಕ್ಕೆ ಮಂಕಿ ಕ್ಯಾಪು ಇದ್ದೇ ಇದೆ.

ಇನ್ನೂ ಒಳ್ಳೆಯ ದಾರಿ ಎಸಿ. ಚಳಿಯಲ್ಲಿ ಎಸಿಯೇ ಎಂದು ಹುಬ್ಬೇರಿಸುವವರು ಬಿಸಿಲಲ್ಲಿ ನಿಂತ ಕಾರಿನ ಹೊಟ್ಟೆಯಡಿ ತೊಟ್ಟಿಕ್ಕುವ ನೀರನ್ನು ನೆನಪಿಸಿಕೊಳ್ಳಬೇಕು. ಅದು ಒಳಗಿನ ಗಾಳಿಯಿಂದ ಹಿಂಡಿ ತೆಗೆದ ನೀರು. ಎಸಿಯೊಳಗಿನ ಸುರುಳಿ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಅದರ ಮೇಲೆ ಹಾದ ಗಾಳಿ 5 ಡಿಗ್ರಿಗೆ ಇಳಿದರೆ ಅದರಲ್ಲಿ ಉಳಿಯುವ ಆವಿ ಘನ ಮೀಟರಿಗೆ 7 ಗ್ರಾಮಿಗೂ ಕಡಿಮೆ. ಮಿಕ್ಕಿದ್ದು ಕೊಳವೆಯಲ್ಲಿ ಇಳಿದು ರಸ್ತೆ ಸೇರುತ್ತದೆ. ಈ ಒಣ ಗಾಳಿಯನ್ನು ಈಗ ಹೀಟರಿನ ಮೂಲಕ ಹಾಯಿಸಿ 25 ಡಿಗ್ರಿಗೆ ಏರಿಸಿದರೆ ಅದರ ತೇವಾಂಶ ಶೇ. 30ರ ಆಸುಪಾಸು. ಅಂಥ ಗಾಳಿ ಗಾಜಿಗೆ ಬಡಿದರೆ ಅಲ್ಲಿನ ಹನಿಗಳು ಒಂದೆರಡು ನಿಮಿಷದಲ್ಲಿ ಮಾಯ. ಒಣಗಿಸುವುದು ಎಸಿ, ಬೆಚ್ಚಗಾಗಿಸುವುದು ಹೀಟರ್. ಎರಡನ್ನೂ ಒಟ್ಟಿಗೆ ಹಾಕಬಾರದೆಂದು ಯಾವ ಕಾರಿನಲ್ಲೂ ಇಲ್ಲ.

ಉಷ್ಣಾಂಶದ ತಿರುಗುಣಿಯ ಕೆಂಪು ಭಾಗವನ್ನು ಬೆಂಗಳೂರು ಸೀಮೆಯ ಅನೇಕರು ಕಾರು ಮಾರುವ ದಿನದವರೆಗೂ ಮುಟ್ಟಿರುವುದಿಲ್ಲ. ಪೆಟ್ರೋಲು, ಡೀಸೆಲ್ ಕಾರುಗಳಲ್ಲಿ ಆ ಬಿಸಿಗೆ ಬೇರೆ ಖರ್ಚೇ ಇಲ್ಲ. ಎಂಜಿನ್ನನ್ನು ತಣ್ಣಗಿಡಲು ಸುತ್ತುವ ಕೂಲೆಂಟ್ ಹೇಗೂ 90 ಡಿಗ್ರಿಯ ಹತ್ತಿರ ಕಾದಿರುತ್ತದೆ. ಹೀಟರ್ ಅದರಲ್ಲಿ ಸ್ವಲ್ಪವನ್ನು ಒಳಕ್ಕೆ ತಿರುಗಿಸುತ್ತದೆ. ಎಂಜಿನ್ ಕಾಯುವವರೆಗಿನ ನಾಲ್ಕೈದು ನಿಮಿಷ ಮಾತ್ರ ತಾಳ್ಮೆ ಬೇಕು. ಬೀಸಣಿಗೆಯಂತೆ ಅರಳಿದ ಗಾಜಿನ ಚಿತ್ರ, ಅದರ ಮೇಲೆ ಮೂರು ಡೊಂಕು ಬಾಣ ಇರುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಗಾಳಿಯೆಲ್ಲ ಮುಂದಿನ ಗಾಜಿಗೆ ಹೋಗುತ್ತದೆ. ಹಲವು ಕಾರುಗಳಲ್ಲಿ ಎಸಿ ತಾನಾಗಿ ಚಾಲೂ ಆಗಿ, ಹೊರಗಾಳಿಯ ಬಾಗಿಲೂ ತೆರೆದುಕೊಳ್ಳುತ್ತದೆ. ಬಹಳ ಚಳಿಯ ದೇಶಗಳಲ್ಲಿ ಶೂನ್ಯದ ಹತ್ತಿರ ಎಸಿಯ ಕಂಪ್ರೆಸರ್ ಕೆಲಸ ನಿಲ್ಲಿಸುತ್ತದೆ, ಗಾಜಿನ ಮೇಲೆ ಹೆಪ್ಪುಗಟ್ಟಿದ ಹಿಮವನ್ನು ಕೆರೆದು ತೆಗೆಯಬೇಕಾಗುತ್ತದೆ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಗಾಜು ಮಂಜಾಗುವಷ್ಟು ಚಳಿಯುಂಟು, ಎಸಿ ಕೈಕೊಡುವಷ್ಟು ಚಳಿಯಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು.

ಇಷ್ಟೆಲ್ಲ ಮಾಡಿಯೂ ಗಾಜು ತಿಳಿಯಾಗದೆ ಇನ್ನಷ್ಟು ಮಬ್ಬಾದರೆ? ಬೆರಳಿನಿಂದ ಗಾಜಿನ ಒಳಬದಿಯನ್ನು ಮುಟ್ಟಿ ನೋಡಬೇಕು. ಒಣಗಿದ್ದರೆ ನೀರು ಆಚೆ ಬದಿಯಲ್ಲಿದೆ. ಇದು ಮಳೆಗಾಲದ ಕಾಯಿಲೆ, ಚಳಿಗಾಲದಲ್ಲೂ ಬಂದುಹೋಗುತ್ತದೆ. ಏರ್‌ಪೋರ್ಟ್ ಟ್ಯಾಕ್ಸಿಗಳಲ್ಲಿ ಸಾಮಾನ್ಯ: ಪ್ರಯಾಣಿಕರು ಬೆಳಗಿನ ಜಾವಕ್ಕೂ ಫುಲ್ ಎಸಿ ಕೇಳುತ್ತಾರೆ, ತಣ್ಣನೆ ಗಾಳಿ ಕೆಳಗಿನ ಕಿಂಡಿಯಿಂದ ಗಾಜಿಗೆ ತಾಗಿ ಗಾಜು ಹೊರಗಿನ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯುತ್ತದೆ, ಹೊರಗಡೆ ವೈಪರಿನ ಬುಡದಲ್ಲಿ ಅಂಗೈ ಅಗಲದ ಬಿಳಿ ಪಟ್ಟಿ ಮೂಡುತ್ತದೆ. ಇಲ್ಲಿ ಮದ್ದು ತಿರುಗುಮುರುಗು. ವೈಪರನ್ನು ಒಂದು ಸಲ ಆಡಿಸಿ, ತಣ್ಣನೆ ಗಾಳಿಯನ್ನು ಗಾಜಿನಿಂದ ಬೇರೆಡೆ ತಿರುಗಿಸಬೇಕು, ಇಲ್ಲವೇ ಉಷ್ಣಾಂಶ ಏರಿಸಬೇಕು. ಒಳಬದಿಯನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಗಾಜಿನ ಯಾವ ಬದಿಯಲ್ಲಿ ನೀರಿದೆ ಎಂದು ಮೊದಲು ತಿಳಿಯದೆ ಗುಂಡಿಗಳ ಮೇಲೆ ಕೈಯಾಡಿಸುವುದೇ ಅರ್ಧ ಗೊಂದಲಕ್ಕೆ ಮೂಲ.

ನಂದಿಬೆಟ್ಟದ ದಾರಿಯಲ್ಲಿ ಈ ಪಾಠ ಬೇಕಾದವರು ಹೆಚ್ಚು. ಬೆಟ್ಟ ಈಗ ಚಿಕ್ಕಬಳ್ಳಾಪುರ ಜಿಲ್ಲೆಯದಾದರೂ ಬೆಂಗಳೂರಿನವರು ಹಾದು ಹೋಗುವುದು ದೇವನಹಳ್ಳಿಯ ಮೇಲೆ. ಸೂರ್ಯೋದಯ ನೋಡಲು ಬಂದವರು ಬುಡದ ಚೆಕ್‌ಪೋಸ್ಟಿನ ಮುಂದೆ ಎಂಜಿನ್ ಆರಿಸಿ, ಕಿಟಕಿ ಮುಚ್ಚಿ, ಹರಟುತ್ತಲೋ ತೂಕಡಿಸುತ್ತಲೋ ಕಾಯುತ್ತಾರೆ. ಗೇಟು ತೆರೆಯುವ ಹೊತ್ತಿಗೆ ಕಾರಿನೊಳಗೆ ಆವಿ ತುಂಬಿರುತ್ತದೆ. ಅದೇ ಸ್ಥಿತಿಯಲ್ಲಿ ತಿರುವುಗಳನ್ನು ಏರತೊಡಗುತ್ತಾರೆ. ಬೆಟ್ಟದ ತುದಿ 1478 ಮೀಟರ್. ದೇವನಹಳ್ಳಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ಚಳಿ. ತಿರುವು ತಿರುವಿಗೂ ಗಾಜು ತಣ್ಣಗಾಗುತ್ತ, ಮಬ್ಬು ಗಾಢವಾಗುತ್ತ ಹೋಗುತ್ತದೆ. ಕಾಯುವಾಗಲೇ ಕಿಟಕಿ ಸ್ವಲ್ಪ ಇಳಿಸಿಕೊಂಡಿದ್ದರೆ ಈ ಫಜೀತಿಯಿಲ್ಲ. ಚಳಿಯೆಂದು ಎಂಜಿನ್ ಚಾಲೂ ಇಟ್ಟು ಮುಚ್ಚಿದ ಕಾರಿನಲ್ಲಿ ನಿದ್ದೆ ಹೋಗುವುದಂತೂ ಬೇರೆಯೇ ಅಪಾಯ. ಹೊಗೆಕೊಳವೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಡೆಯುವುದೂ ಇದೇ ಚಳಿಯಲ್ಲಿ; ಅಲ್ಲಿಗೆ ಬಂದು ವ್ಯಾನಿನಲ್ಲಿ ರಾತ್ರಿ ಕಳೆಯುವವರಿಗೂ ಇದೇ ಮಾತು.

ಎಸಿ ಇಲ್ಲದ ಕಾಲದ ಚಾಲಕರು ಏನು ಮಾಡುತ್ತಿದ್ದರು? ಅಂಬಾಸಿಡರಿನಲ್ಲಿ, ಫಿಯಟ್ಟಿನಲ್ಲಿ ಮುಂದಿನ ಸಣ್ಣ ತ್ರಿಕೋನದ ಕಿಟಕಿಯನ್ನು ತಿರುಗಿಸಿ ಗಾಳಿಗೆ ದಾರಿ ಮಾಡಿಕೊಡುತ್ತಿದ್ದರು. ಕೆಂಪು ಬಸ್ಸುಗಳಲ್ಲಿ ಡ್ರೈವರ್ ಪಕ್ಕ ಒಂದು ಬಟ್ಟೆ ನೇತಾಡುತ್ತಿತ್ತು, ಕಂಡಕ್ಟರು ಆಗಾಗ ಬಂದು ಗಾಜು ಒರೆಸುತ್ತಿದ್ದರು. ಈಗಲೂ ಹಳ್ಳಿ ರೂಟಿನ ಮೊದಲ ಟ್ರಿಪ್ಪಿನಲ್ಲಿ ಆ ದೃಶ್ಯ ಸಿಗುತ್ತದೆ. ಲಾರಿಯವರ ವೈದ್ಯವೇ ಬೇರೆ. ಬೀಡಿ ಬಿಚ್ಚಿ ತಂಬಾಕಿನ ಪುಡಿಯನ್ನು ಒದ್ದೆ ಗಾಜಿಗೆ ಉಜ್ಜುವುದು, ಆಲೂಗೆಡ್ಡೆಯನ್ನು ಅರ್ಧ ಕತ್ತರಿಸಿ ತಿಕ್ಕುವುದು, ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ಟು ಹರಿದು ಸವರುವುದು. ಕೇಳಿದರೆ ನಗು ಬರುತ್ತದೆ, ಆದರೆ ಇದರ ಹಿಂದೆ ಒಂದು ತರ್ಕವಿದೆ. ನೋಟಕ್ಕೆ ಅಡ್ಡಿಯಾಗುವುದು ನೀರಲ್ಲ, ನೀರು ಸಾವಿರಾರು ಪುಟ್ಟ ಗೋಳಗಳಾಗಿ ನಿಂತು ಬೆಳಕನ್ನು ಚದುರಿಸುವುದು. ಸಾಬೂನಿನಂಥ ವಸ್ತು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸಿದಾಗ ಹನಿಗಳು ಒಂದಕ್ಕೊಂದು ಕೂಡಿ ತೆಳುವಾಗಿ ಹರಡಿಕೊಳ್ಳುತ್ತವೆ. ನೀರು ಅಷ್ಟೇ ಇದ್ದರೂ ಗಾಜು ತಿಳಿ.

ಇದೇ ಸಾಬೂನಿನ ವಿದ್ಯೆ ಬಾಹ್ಯಾಕಾಶಕ್ಕೂ ಹೋಗಿದೆ. 1966ರ ಜೂನ್ 5ರಂದು ಜೆಮಿನಿ 9 ನೌಕೆಯಿಂದ ಹೊರಬಂದ ಅಮೆರಿಕದ ಗಗನಯಾತ್ರಿ ಯೂಜೀನ್ ಸೆರ್ನಾನ್ ಎರಡು ಗಂಟೆಗೂ ಮಿಕ್ಕಿ ಶೂನ್ಯದಲ್ಲಿ ಹೆಣಗಾಡಿದರು. ಉಸಿರು, ಬೆವರಿನ ಆವಿಗೆ ಹೆಲ್ಮೆಟ್ಟಿನ ಗಾಜು ಒಳಗಿಂದ ಪೂರ್ತಿ ಮಬ್ಬಾಯಿತು. ಒರೆಸಲು ಕೈ ಒಳಹೋಗುವಂತಿಲ್ಲ. ಮೂಗಿನ ತುದಿಯಿಂದ ಉಜ್ಜಿ ಒಂದಿಷ್ಟು ಕಿಂಡಿ ಮಾಡಿಕೊಂಡೇ ಅವರು ನೌಕೆಗೆ ಮರಳಿದ್ದು. ಆಮೇಲಿನ ಯಾನಗಳಲ್ಲಿ ಹೊರಬರುವ ಮುನ್ನ ಗಾಜಿಗೆ ಮಂಜುನಿರೋಧಕ ದ್ರವ ಸವರುವುದು ರೂಢಿಯಾಯಿತು. ಅಂಗಡಿಗಳಲ್ಲಿ ಇಂದು ಸಿಗುವ ಮಂಜುನಿರೋಧಕ ಸ್ಪ್ರೇಗಳು ಬಹುಪಾಲು ಅದೇ ಜಾತಿಯವು. ಎರಡು ಹನಿ ಶಾಂಪೂವನ್ನು ಒಣಬಟ್ಟೆಯಲ್ಲಿ ಹಚ್ಚಿ, ಗಾಜು ತಿಳಿಯಾಗುವವರೆಗೆ ಉಜ್ಜಿದರೂ ಕೆಲವು ದಿನ ಕೆಲಸ ನಡೆಯುತ್ತದೆ. ಹೆಚ್ಚಾದರೆ ಎದುರಿನ ದೀಪಕ್ಕೆ ಬಣ್ಣಬಣ್ಣದ ಗೆರೆ ಕಾಣಿಸುತ್ತದೆ. ರಾತ್ರಿಯ ಓಡಾಟಕ್ಕೆ ಅದು ಮಂಜಿಗಿಂತ ಕೆಟ್ಟದ್ದು.

ಅದಕ್ಕೂ ಮೊದಲು ಗಾಜು ತೊಳೆದಿರಬೇಕು. ಕಾರನ್ನು ಹೊರಗಿನಿಂದ ಮಿರಮಿರ ಮಿಂಚಿಸುವವರು ಗಾಜಿನ ಒಳಬದಿಯನ್ನು ಮರೆತೇಬಿಡುತ್ತಾರೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಎಣ್ಣೆಯಂಥ ಆವಿ, ಧೂಳು, ಬೆರಳಿನ ಜಿಡ್ಡು ಎಲ್ಲವೂ ಅಲ್ಲಿ ಪದರಗಟ್ಟುತ್ತವೆ. ಹನಿಗಳಿಗೆ ಕೂರಲು ಅದು ಒಳ್ಳೆಯ ಜಾಗ. ಮಬ್ಬಿನ ಮೇಲೆ ಮಕ್ಕಳು ಬೆರಳಲ್ಲಿ ಬರೆದ ಹೆಸರು ಒಣಗಿ ಅಳಿಸಿಹೋದರೂ ಮರುದಿನ ಮತ್ತೆ ಮೂಡುವುದು ಈ ಜಿಡ್ಡಿನ ಮಹಿಮೆ. ಅಂಗೈಯಿಂದ ಒರೆಸಬಾರದೆನ್ನುವುದೂ ಇದಕ್ಕೇ.

ಒದ್ದೆ ಸಾಮಾನಿನ ಮೇಲೂ ಕಣ್ಣಿರಲಿ. ದೊಡ್ಡಬಳ್ಳಾಪುರ, ಹೊಸಕೋಟೆಯ ತೋಟಗಳಿಂದ ನೀರು ಚಿಮುಕಿಸಿದ ಕೊತ್ತಂಬರಿ ಕಟ್ಟು, ಸೇವಂತಿಗೆ ಮೂಟೆಯನ್ನು ಹಿಂದಿನ ಸೀಟಿಗೆ ಹೇರಿಕೊಂಡು ಮಾರುಕಟ್ಟೆಗೆ ಹೊರಡುವ ಕಾರಿನಲ್ಲಿ ಚಾಲಕ ಒಬ್ಬನೇ ಇದ್ದರೂ ಆವಿಗೆ ಬರವಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಲ್ಲುಪ್ಪಿನ ಗಂಟು ಇಡುವವರಿದ್ದಾರೆ. ಉಪ್ಪು ತೇವ ಹೀರುವುದು ಗಾಳಿಯ ತೇವಾಂಶ ಶೇ. 75 ದಾಟಿದ ಮೇಲೆ, ಅದೂ ನಿಧಾನವಾಗಿ. ರಾತ್ರಿ ನಿಲ್ಲಿಸಿದ ಕಾರಿಗೆ ಅಷ್ಟಿಷ್ಟು ಉಪಕಾರವಾದೀತು. ಐವರ ಉಸಿರಿಗೆ ಅದು ಸಾಟಿಯಲ್ಲ.

ಹಿಂದಿನ ಗಾಜಿನ ಮೇಲೆ ಅಡ್ಡಡ್ಡ ಎಳೆದ ತೆಳು ಕಂದು ಗೆರೆಗಳು ಅಲಂಕಾರವಲ್ಲ. ಗಾಜಿನ ಮೇಲೆಯೇ ಅಚ್ಚೊತ್ತಿದ ವಿದ್ಯುತ್ ದಾರಿ ಅದು. ಗುಂಡಿ ಒತ್ತಿದರೆ ಬಿಸಿಯಾಗಿ ಗೆರೆಗೆರೆಯಾಗಿ ಮಂಜು ಕರಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಹಲವು ಕಾರುಗಳಲ್ಲಿ ತಾನೇ ಆರುತ್ತದೆ. ಆ ಗೆರೆಗಳ ಮೇಲೆ ಸ್ಟಿಕ್ಕರ್ ಅಂಟಿಸಿ ಬ್ಲೇಡಿನಿಂದ ಕೆರೆಯುವಾಗ ಒಂದು ಗೆರೆ ಕಡಿದರೂ ಆ ಸಾಲು ಸತ್ತಂತೆ. ಅಗ್ಗದ ಮಾದರಿಗಳಲ್ಲಿ ಕಂಪನಿಗಳು ಇದನ್ನು ಕೊಡುವುದೇ ಇಲ್ಲ. ಹಿಂದೆ ಬರುವ ಲಾರಿಯನ್ನು ನೋಡುವುದು ದುಬಾರಿ ಕಾರಿನವರಿಗೆ ಮಾತ್ರ ಸಲ್ಲಬೇಕಾದ ಸವಲತ್ತೇನೋ ಎನ್ನುವಂತೆ.

ಎಲ್ಲ ಸರಿಯಾಗಿ ಮಾಡಿಯೂ ದಿನವೂ ಗಾಜು ಮಬ್ಬಾಗುತ್ತಿದ್ದರೆ ತೊಂದರೆ ಗಾಡಿಯದು. ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡು ಗಾಳಿ ಸಾಲದಿರಬಹುದು. ಎಸಿಯ ನೀರು ಹೊರಹೋಗುವ ಕೊಳವೆ ಮುಚ್ಚಿಕೊಂಡು ಮುಂದಿನ ಕಾರ್ಪೆಟ್ಟಿನಡಿ ನೀರು ನಿಂತಿರಬಹುದು. ಕಾಲಿನಡಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಗಾಜಿನ ಮೇಲಿನ ಮಬ್ಬು ಎಣ್ಣೆಯಂತೆ ಜಿಗುಟಾಗಿ, ಒಳಗೆ ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನೊಳಗಿನ ಕೂಲೆಂಟ್ ಸೋರುತ್ತಿದೆ ಎಂದರ್ಥ. ಅಂಥ ಗಾಡಿಯನ್ನು ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಕೂಲೆಂಟ್ ಖಾಲಿಯಾದರೆ ಎಂಜಿನ್ನಿಗೇ ಕುತ್ತು.

ಎಲೆಕ್ಟ್ರಿಕ್ ಕಾರುಗಳು ಬಂದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ಅವುಗಳಲ್ಲಿ 90 ಡಿಗ್ರಿಗೆ ಕಾದ ಎಂಜಿನ್ನಿಲ್ಲ, ಆದ್ದರಿಂದ ಬಿಟ್ಟಿ ಬಿಸಿಯೂ ಇಲ್ಲ. ಹೀಟರ್ ಹಾಕಿದರೆ ವಿದ್ಯುತ್ತು ಬ್ಯಾಟರಿಯಿಂದಲೇ ಹೋಗುತ್ತದೆ, ಓಡುವ ದೂರ ತಗ್ಗುತ್ತದೆ. ಬ್ಯಾಟರಿ ಉಳಿಸಲೆಂದು ಎಸಿ, ಹೀಟರ್ ಎರಡನ್ನೂ ಆರಿಸಿಕೊಂಡು ಕಿಟಕಿ ಮುಚ್ಚಿ ಓಡಿಸುವವರಿಗೆ ಮಂಜು ಬೇಗ ಹಿಡಿಯುತ್ತದೆ. ಗಾಜಿನ ಉಷ್ಣಾಂಶ ಮತ್ತು ಒಳಗಿನ ತೇವವನ್ನು ಅಳೆದು, ಮಬ್ಬು ಕಾಣಿಸುವ ಮೊದಲೇ ಬೇಕಾದಷ್ಟೇ ಒಣಗಾಳಿ ಬಿಡುವ ಸೆನ್ಸರುಗಳು ಕೆಲವು ಕಾರುಗಳಲ್ಲಿ ಕನ್ನಡಿಯ ಹಿಂಬದಿಯಲ್ಲಿ ಅಡಗಿ ಕೂತಿವೆ. ಅವಿಲ್ಲದ ಕಾರಿನಲ್ಲಿ ಹೊರಡುವ ಹೊತ್ತಿನ ಮೊದಲ ಹತ್ತು ನಿಮಿಷ ಹೊರಗಾಳಿ, ಎಸಿ, ಸ್ವಲ್ಪ ಬಿಸಿ ಇಷ್ಟನ್ನು ಹಾಕಿ, ಗಾಜು ತಿಳಿಯಾದ ಮೇಲೆ ಹೀಟರನ್ನು ತಗ್ಗಿಸಿಕೊಂಡರೆ ಬ್ಯಾಟರಿಗೂ ಹೆಚ್ಚು ಭಾರವಾಗದು. ನೆಲಮಂಗಲದ ಟೋಲು ದಾಟುವಾಗ ಮುಂದಿನ ಲಾರಿಯ ಹಿಂಬದಿಯ ಬರಹವೂ ಓದಲು ಸಿಗುತ್ತದೆ.